ಕುಳ್ಳ ಕಾರು, ಎತ್ತಿನ ಹಲಗೆ

ಶಿರಾ
ಜೂನ್ 12, 1961

ಪಾವಗಡ ಸಂಸ್ಥಾನದ ಹೊಸ ಸೊಸೆ ಶ್ರೀಮತಿ ರಹೀಮುನ್ನೀಸಾ ಬೇಗಂ ಅವರ ಸನ್ನಿಧಾನಕ್ಕೆ ಒಡಹುಟ್ಟಿದ ತಮ್ಮ ಮುಕ್ತಾರನು ನೆಲಕ್ಕೆ ಹಣೆ ತಾಗುವಂತೆ ಬಗ್ಗಿ ಮಾಡುವ ಸಲಾಮು.

ಆಪಾ, ಇಲ್ಲಿ ಎಲ್ಲರೂ ಆರೋಗ್ಯ, ಕಾರು ಒಂದನ್ನು ಬಿಟ್ಟು.

ಕಾರು ಅಂದ ತಕ್ಷಣ ನೀನು ಹುಬ್ಬೇರಿಸಿದ್ದು ಇಲ್ಲಿಂದಲೇ ಕಾಣಿಸಿತು. ಹೌದು, ಕೊಬ್ಬರಿ ವ್ಯಾಪಾರಿ ಕರೀಮ್ ಸಾಬರ ಮನೆಗೆ ಕಾರು ಬಂದಿದೆ. ತುಮಕೂರಲ್ಲಿ ಯಾರೋ ರಿಟೈರಾದ ಅಮಲ್ದಾರರ ಕೊಟ್ಟಿಗೆಯಲ್ಲಿ ಕೋಳಿಗಳು ಸಂಸಾರ ಹೂಡಿದ್ದ ಕಾರು. ಕೋಳಿಗಳನ್ನು ಎಬ್ಬಿಸಿ, ಲಾರಿ ಹಿಂದೆ ಹಗ್ಗ ಕಟ್ಟಿ ಅಬ್ಬಾ ಎಳೆಸಿಕೊಂಡು ಬಂದರು. ಬಣ್ಣ ಕಪ್ಪು ಅಂತ ಅಬ್ಬಾ, ಕಂದು ಅಂತ ನಾನು, ತುಕ್ಕು ಅಂತ ಅಬ್ಬಾನನ್ನೇ ಹೆತ್ತ ದಾದಿ.

ಈಗ ಗಂಭೀರ ವಿಷಯ. ಬಾಷಾ ಸಾಬರು ಅದನ್ನು ರಿಪೇರಿ ಮಾಡಿದರು, ಓಡಿತು. ಓಡಿದ ಮೇಲೆ ಅಬ್ಬಾ ಅವರಿಗೆ ಇನ್ನೊಂದು ಕೆಲಸ ಹೇಳಿದರು. ಕಾರಿನ ಕೆಳಗೆ ಒಂದರ ಮೇಲೊಂದು ಜೋಡಿಸಿದ ಕಬ್ಬಿಣದ ಪಟ್ಟೆಗಳ ಸ್ಪ್ರಿಂಗ್ ಇರುತ್ತದಲ್ಲ, ಅದರಲ್ಲಿ ಅರ್ಧ ಪಟ್ಟೆ ಬಿಚ್ಚಿಸಿದರು. ಕಾರು ಉಸ್ಸೆಂದು ಕೂತುಬಿಟ್ಟಿತು. ಈಗ ಅದರ ಬಾಗಿಲ ಹತ್ತಿರದ ಮೆಟ್ಟಿಲು ನಮ್ಮ ಮನೆ ಮುಂದಿನ ಹೊಸ್ತಿಲ ಕಲ್ಲಿನಷ್ಟೇ ಎತ್ತರ. ಕಲ್ಲಿನಿಂದ ಕಾರಿಗೆ ಕಾಲೆತ್ತದೆ ನಡೆದುಕೊಂಡೇ ಹೋಗಬಹುದು.

ಯಾಕೆ ಹೀಗೆ ಮಾಡಿಸಿದರು ಅಂತ ಕೇಳಬೇಡ. ನನ್ನಿಂದ ಪ್ರಮಾಣ ಮಾಡಿಸಿಕೊಂಡಿದ್ದಾರೆ.

ಏಳನೇ ತಿಂಗಳಿಗೆ ನಿನ್ನನ್ನು ಹೆರಿಗೆಗೆ ಕರೆತರಬೇಕು ಅಂತ ಅಬ್ಬಾ ಹೇಳಿದ್ದಾರೆ. ಬರ್ತೀಯಲ್ಲ? ಕನ್ನಡದಲ್ಲೇ ಉತ್ತರ ಬರಿ. ಉರ್ದುವಿನಲ್ಲಿ ಬರೆದರೆ ನಿನ್ನ ಅತ್ತೆ ಖಾಜಾಬಿಯವರು ಓದಿ ಸರಿ ತಪ್ಪು ತಿದ್ದಿ ಕಳಿಸುತ್ತಾರೆ.

ನಿನ್ನ ವಿಧೇಯ, ಅಷ್ಟೇನೂ ವಿಧೇಯನಲ್ಲದ,
ಮುಕ್ತಾರ್


ಪಾವಗಡ
ಜೂನ್ 28, 1961

ಲೇ ಮುಕ್ತಾರ್,

ಸಲಾಮು ಸಾಕು, ಬೆನ್ನು ನೆಟ್ಟಗೆ ಮಾಡಿಕೋ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. "ಎಲ್ಲರೂ ಕಲ್ಲಿಗೆ ಹೊಟ್ಟೆ ತಾಗುತ್ತೆ ಅಂತ ಕಾರನ್ನು ಎತ್ತರ ಮಾಡಿಸ್ತಾರೆ, ನಿಮ್ಮಪ್ಪ ತಗ್ಗಿಸ್ತಾರಾ?" ಅಂತ ನಕ್ಕರು. ನನಗೂ ಅದೇ ಪ್ರಶ್ನೆ. ನಿನ್ನ ಪ್ರಮಾಣ ಯಾವತ್ತೂ ಎರಡು ದಿನಕ್ಕಿಂತ ಹೆಚ್ಚು ಬಾಳಿದ್ದಿಲ್ಲ. ಹೇಳು.

ಹೆರಿಗೆ ವಿಷಯ. ಅಮ್ಮಿ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ್ದು ದಾದಿ. ಮದುವೆಯಾಗಿ ಹೊರಟ ದಿನ ನನ್ನ ಜೊತೆ ಪಾವಗಡದವರೆಗೆ ಬಂದು ಬಿಟ್ಟು ಹೋಗಬೇಕಾಗಿದ್ದವರೂ ಅವರೇ. ಬುರ್ಖಾ ಹಾಕಿಕೊಂಡು ತಯಾರಾಗಿದ್ದರು. ಬಸ್ಸಿನ ಹೊತ್ತಾಯಿತು ಅಂದ ಕೂಡಲೇ ತಲೆನೋವು ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಾಗಿಲು ಬಡಿದೆ. ತೆಗೆಯಲಿಲ್ಲ. ಈ ಸಂಬಂಧ ಅವರಿಗೆ ಇಷ್ಟವಿರಲಿಲ್ಲ ಅಂತ ಅವತ್ತೇ ಅರ್ಥವಾಯಿತು. ಇಲ್ಲಿ ಅತ್ತೆ, "ಮನೆ ಹಿರಿ ಹೆಂಗಸರು ಯಾರೂ ಬರಲಿಲ್ವಾ?" ಅಂತ ಕೇಳಿದಾಗ ನಾನು ಏನು ಹೇಳಿದೆ ಅಂತ ನಿನಗೆ ಗೊತ್ತಿಲ್ಲ. ಬೇಡ.

ದಾದಿ ಬಂದು ಕರೆದರೆ ಬರ್ತೀನಿ. ಅಬ್ಬಾ ಬಂದರೂ ಬರಲ್ಲ, ನೀನು ಬಂದರಂತೂ ಬರಲ್ಲ. ಇಲ್ಲದಿದ್ದರೆ ಇಲ್ಲೇ ಹೆರುತ್ತೀನಿ, ಖಾಜಾಬಿ ಅತ್ತೆ ಇದ್ದಾರೆ.

ನಿನ್ನ ಆಪಾ,
ರಹೀಮುನ್ನೀಸಾ


ಶಿರಾ
ಜುಲೈ 20, 1961

ಆಪಾ,

ನಿನ್ನ ಷರತ್ತನ್ನು ದಾದಿಗೆ ಓದಿ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಸುತ್ತಲೇ ಇದ್ದರು. ಅಷ್ಟು ಅಡಿಕೆ ನಮ್ಮ ಬೀದಿಗೆಲ್ಲಾ ಹಂಚಬಹುದು. ಆಮೇಲೆ "ಕಾರು ಯಾವಾಗ ಸರಿಹೋಗುತ್ತೆ?" ಅಂತ ಮಾತ್ರ ಕೇಳಿದರು.

ಯಾಕೆಂದರೆ ಕಾರು ಕೆಟ್ಟಿದೆ. ಅದರ ಪುರಾಣ ಕೇಳು. ಪರೀಕ್ಷೆಗೆಂದು ಮದಲೂರು ಕೆರೆಯವರೆಗೆ ಹೋಗಿಬರೋಣ ಅಂತ ಅಬ್ಬಾ ಹೊರಟರು. ಮುಂದೆ ಅಬ್ಬಾ, ಪಕ್ಕದಲ್ಲಿ ನಾನು, ಹಿಂದೆ ಒಬ್ಬ ಗಣ್ಯ ವ್ಯಕ್ತಿ. ಗಣ್ಯ ವ್ಯಕ್ತಿ ಯಾರೆಂದು ಹೇಳುವ ಅಧಿಕಾರ ನನಗಿಲ್ಲ. ಹೊಸ್ತಿಲ ಕಲ್ಲಿನಿಂದ ಕಾರಿನೊಳಕ್ಕೆ ಮಹಾರಾಣಿಯಂತೆ ನಡೆದುಹೋದರು, ಕಿಟಕಿಯಿಂದ ಕೆರೆ ನೋಡಿ "ಇಷ್ಟು ನೀರಾ!" ಅಂದರು, ಅಷ್ಟು ಸಾಕು. ವಾಪಸ್ಸು ಬರುವಾಗ ರಸ್ತೆಯ ಕಲ್ಲೊಂದು ಕಾರಿನ ಹೊಟ್ಟೆಗೆ ಗುದ್ದಿತು. ಎಣ್ಣೆಯೆಲ್ಲಾ ಸೋರಿ ಕಾರು ನಿಂತಿತು. ಗದ್ದೆಯಿಂದ ಒಂದು ಜೊತೆ ಎತ್ತು ತರಿಸಿ ಎಳೆಸಬೇಕಾಯಿತು. ನಾವಿಬ್ಬರೂ ಇಳಿದು ನಡೆದೆವು. ಗಣ್ಯ ವ್ಯಕ್ತಿ ಇಳಿಯಲಿಲ್ಲ. ಎತ್ತಿನ ಕಾರಿನಲ್ಲಿ ಕೂತು ಇಡೀ ಶಿರಾ ಪೇಟೆಯಲ್ಲಿ ಮೆರವಣಿಗೆಯಾಗಿ ಬಂದರು. ಜನ ಸಲಾಮು ಹೊಡೆದರು, ಅವರು ಸ್ವೀಕರಿಸಿದರು.

ಈಗ ಎಣ್ಣೆ ಸೋರುವ ತೂತು ಮುಚ್ಚಬೇಕಾದರೆ ಕಾರಿನ ಕೆಳಗೆ ಮಲಗಬೇಕು. ಮಲಗುವುದು ಹೇಗೆ? ಹೊಟ್ಟೆ ನೆಲದಿಂದ ಒಂದು ಗೇಣು. ಜಾಕಿ ಕೂಡ ತೂರುವುದಿಲ್ಲ. ಗುಂಡಿ ತೋಡೋಣವೆಂದರೆ ನಮ್ಮ ಅಂಗಳದಲ್ಲಿ ಒಂದು ಮೊಳಕ್ಕೇ ಬಂಡೆ. ನಮ್ಮ ಕರಿ ಕೋಳಿ ಅದರಡಿ ತೂರಿ ಮೊಟ್ಟೆಯಿಟ್ಟು ಬರುತ್ತಿದೆ, ಆ ಮೊಟ್ಟೆ ತೆಗೆಯುವ ಕೈ ಶಿರಾದಲ್ಲಿ ಇನ್ನೂ ಹುಟ್ಟಿಲ್ಲ.

ಆದ್ದರಿಂದ ಮರದ ಇಳಿಜಾರು ಮಾಡಿಸಿ ಕಾರನ್ನೇ ಅದರ ಮೇಲೆ ಹತ್ತಿಸುವುದೆಂದು ತೀರ್ಮಾನ. ಸುಲಭ ಅಂದುಕೊಂಡಿದ್ದೆ. ಸುಲಭವಲ್ಲ. ದಾದಿಯ ಎಲೆಯಡಿಕೆ ಪೆಟ್ಟಿಗೆ ಪಾನ್‌ದಾನನ್ನು ಕಾರು ಮಾಡಿದೆ, ನಾಲ್ಕು ದಾರದುಂಡೆ ಚಕ್ರ, ಚಪಾತಿ ಮಣೆ ಇಳಿಜಾರು. ಕಾರಿನ ಮುಂದಿನ ಬಂಪರ್ ಬದಲು ಸುಣ್ಣದ ಚಮಚ ಸಿಕ್ಕಿಸಿದೆ. ತಳ್ಳಿದರೆ ಚಕ್ರ ಮಣೆಗೆ ತಾಗುವ ಮೊದಲೇ ಚಮಚ ಹೋಗಿ ಕುಟ್ಟುತ್ತದೆ!

"ಚಕ್ರಕ್ಕಿಂತ ಮುಂಚೆ ಮೂತಿ ಯಾಕೆ ತಾಗುತ್ತೆ?" ಅಂದರು ದಾದಿ.

"ಮೂತಿ ಚಕ್ರಕ್ಕಿಂತ ಮುಂದಿದೆ ದಾದಿ. ಮೇಲಾಗಿ ಕಾರು ಕುಳ್ಳಗಿದೆ."

"ಹಾಗಾದರೆ ಮಣೆ ಇನ್ನೂ ಮಲಗಿಸು."

ಮಲಗಿಸಿದೆ. ತಾಗಿತು. ಇನ್ನೂ ಮಲಗಿಸಿದೆ. ಅವರು ಅಡಿಕೆ ಪಕ್ಕಕ್ಕಿಟ್ಟು ಕನ್ನಡಕ ಹಾಕಿಕೊಂಡರು. ಮಧ್ಯಾಹ್ನವೆಲ್ಲಾ ಇದೇ ಆಟ. ಕೊನೆಗೆ ಮಣೆ ಬದಲು ಉದ್ದನೆ ಹಲಗೆ ಇಟ್ಟಾಗ ಚಮಚ ಗಾಳಿಯಲ್ಲಿ ಹಾಯಾಗಿ ಹೋಯಿತು, ದಾರದುಂಡೆ ಹತ್ತಿತು. "ಉದ್ದ ಬೇಕು, ಎತ್ತರ ಅಲ್ಲ!" ಅಂತ ದಾದಿ ಕೂಗಿದ್ದು ಅಂಗಡಿಯಲ್ಲಿದ್ದ ಅಬ್ಬಾಗೂ ಕೇಳಿಸಿತಂತೆ.

ನಿನ್ನ ವಿಜ್ಞಾನಿ ತಮ್ಮ,
ಮುಕ್ತಾರ್


ಶಿರಾ
ಜುಲೈ 22, 1961

ಭೂಮಂಡಲದ ಸಮಸ್ತ ಬಡಗಿಗಳಿಗೆ ಶಿರೋಮಣಿಯಂತಿರುವ ಬಡವನಹಳ್ಳಿ ರಂಗಯ್ಯನವರಿಗೆ,

ಕೊಬ್ಬರಿ ಕರೀಮ್ ಸಾಬರ ಮಗ ಮುಕ್ತಾರನ ವಿಜ್ಞಾಪನೆ. ನಮ್ಮ ಕಾರು ಹತ್ತಲು ಎರಡು ಉದ್ದನೆಯ ಗಟ್ಟಿ ಹಲಗೆ ಬೇಕು, ಒಂದೊಂದೂ ಕಾರಿನ ಟೈರಿಗಿಂತ ಅಗಲ. ಮೇಲ್ತುದಿಗೆ ಊರಲು ಎರಡು ದಿಮ್ಮಿ. ಇಳಿಜಾರು ಬಹಳ ನಿಧಾನವಾಗಿ ಏರಬೇಕು, ಏಕೆಂದರೆ ಈ ಕಾರಿಗೆ ತಗ್ಗಿನ ಹೊಟ್ಟೆ, ಉದ್ದನೆ ಮೂತಿ. ಜಗತ್ತು ನಿಮ್ಮನ್ನೇ ನಂಬಿದೆ. ಬೇಗ ಮಾಡಿಕೊಡಿ.

ಇಂತಿ,
ಮುಕ್ತಾರ್


ಬಡವನಹಳ್ಳಿ
ಆಗಸ್ಟ್ 9, 1961

ಶಿರಾ ಮುಕ್ತಾರ್ ಸಾಬ್ರಿಗೆ ಬಡಗಿ ರಂಗಯ್ಯ ಮಾಡೋ ನಮಸ್ಕಾರ.

ನಿಮ್ಮ ಕಾಗದ ನನ್ ಮಗ್ಳು ಓದಿದ್ಲು. ಶಿರೋಮಣಿ ಅಂದ್ರೆ ಯಾರು ಅಂತ ನನ್ ಹೆಂಡ್ರು ಕೇಳಿದ್ಲು. ನಾನೇ ಕಣೆ ಅಂದೆ. ಅವತ್ತಿಂದ ಮನೇಲಿ ನನ್ನ ಅಂಗೇ ಕರೀತಾವ್ಳೆ, ಊಟಕ್ಕೂ ಅಂಗೇ ಕೂಗ್ತಾಳೆ. ನಿಮಗೆ ಒಳ್ಳೇದಾಗ್ಲಿ.

ಹಲಗೆ ಆಗೈತೆ. ಬೇವಿನ ಮರ, ಚೆನ್ನಾಗಿ ಒಣಗಿರೋದು. ನೀವು ಬರೆಯೋದು ಒಂದು ಮರ್ತಿದ್ರಿ, ನಾನು ಮರೀಲಿಲ್ಲ. ನಮ್ಮ ಸಂತೇಲಿ ಎತ್ತು ಲಾರಿಗೆ ಹತ್ಸೋಕೆ ಹಲಗೆ ಮಾಡಿಕೊಡೋನು ನಾನೇ ತಾನೆ. ಬರೀ ಹಲಗೆ ಮೇಲೆ ಎತ್ತಿನ ಗೊರಸು ಜಾರ್ತದೆ. ಅದಕ್ಕೆ ಅಡ್ಡಡ್ಡಕ್ಕೆ ಪಟ್ಟಿ ಹೊಡ್ದಿದ್ದೀನಿ, ಒಂದೊಂದು ಗೇಣಿಗೆ ಒಂದೊಂದು. ನಿಮ್ಮ ಕಾರು ಹೆಂಗೇ ಇರ್ಲಿ, ಜಾರಕ್ಕಿಲ್ಲ. ಲಾರಿ ಎತ್ತರಕ್ಕೆ ಬೇಕಾದಷ್ಟು ಉದ್ದಾನೂ ಬುಟ್ಟಿದ್ದೀನಿ.

ಕಡ್ಲೇಕಾಯಿ ಗಾಡೀಲಿ ಕಳಿಸ್ತಾ ಇದ್ದೀನಿ.

ಶಿರೋಮಣಿ ರಂಗಯ್ಯ


ಶಿರಾ
ಆಗಸ್ಟ್ 21, 1961

ಆಪಾ,

ಇತಿಹಾಸದಲ್ಲಿ ಅನೇಕ ಸೈನ್ಯಗಳು ಶಿರಾ ಕೋಟೆಗೆ ಬಂದು ಹಿಮ್ಮೆಟ್ಟಿವೆ. ನಿನ್ನೆ ನಮ್ಮ ಕಾರೂ ಆ ಸಾಲಿಗೆ ಸೇರಿತು.

ರಂಗಯ್ಯ ಹಲಗೆ ಕಳಿಸಿದ. ಎಂಥ ಹಲಗೆ! ಆನೆ ಹತ್ತಬಹುದು. ಆದರೆ ಅಡ್ಡಡ್ಡಕ್ಕೆ ಪಟ್ಟಿ ಹೊಡೆದಿದ್ದಾನೆ, ಎತ್ತಿನ ಕಾಲು ಜಾರದಿರಲಿ ಅಂತ. ಅಬ್ಬಾ ನೋಡಿದವರೇ, "ಇದೇನೋ ಇದು, ಏಣಿನಾ?" ಅಂದರು. ಆದರೂ ಇರಲಿ ಅಂತ ಸ್ಟೀರಿಂಗ್ ಹಿಡಿದು ಕೂತರು. ಬಾಷಾ ಸಾಬರು, ನಾನು, ಬೀದಿಯ ನಾಲ್ಕಾರು ಜನ ಹಿಂದಿನಿಂದ ತಳ್ಳಿದೆವು. ದಾದಿ ಕಿಟಕಿಯಲ್ಲಿ.

"ಮೆಲ್ಲಗೆ! ಮೂತಿ ನೋಡು, ಮೂತಿ!" ಅಂತ ಅವರ ಆಜ್ಞೆ.

ಇಳಿಜಾರೇನೋ ಸರಿಯಾಗಿತ್ತು. ಮೂತಿ ಹಲಗೆಗೆ ತಾಗಲಿಲ್ಲ, ಬೆರಳು ತೂರುವಷ್ಟು ಜಾಗ ಉಳಿದಿತ್ತು. ಆದರೆ ಪಟ್ಟಿಯ ದಪ್ಪ ಎರಡು ಬೆರಳು. ಬಂಪರ್ ಎರಡನೇ ಪಟ್ಟಿಗೆ ಸಿಕ್ಕಿಕೊಂಡಿತು. ತಳ್ಳಿದೆವು, ಹಲಗೆಯೇ ಮುಂದೆ ಸರಿಯಿತು. ಇನ್ನೂ ತಳ್ಳಿದೆವು, ಹಲಗೆ, ಕಾರು, ಅಬ್ಬಾ ಎಲ್ಲಾ ಒಟ್ಟಿಗೆ ಗೋಡೆಯವರೆಗೆ ಹೋದರು. ಕರಿ ಕೋಳಿ ಹಾರಿ ಬಾಷಾ ಸಾಬರ ತಲೆ ಮೇಲೆ ಕೂತಿತು. ಒಂದು ಲಾಭವಾಯಿತು, ಕಾರು ಸರಿದ ಜಾಗದಲ್ಲಿ ಒಂದು ಬುಟ್ಟಿ ಮೊಟ್ಟೆ ಸಿಕ್ಕಿತು.

ಪಟ್ಟಿಗಳನ್ನೆಲ್ಲಾ ಕಿತ್ತು ಮತ್ತೆ ನೋಡೋಣ ಅಂದರು ಬಾಷಾ ಸಾಬರು. ಎಣ್ಣೆ ಹಿಡಿದಿಡುವ ತಗಡು ಪಾತ್ರೆಯೇ ಸೀಳಿದೆ, ಹೊಸದು ಬೆಂಗಳೂರಿಂದ ಬರಬೇಕು, ಅಕ್ಟೋಬರ್ ಆಗಬಹುದು ಅಂತಲೂ ಅಂದರು. ದಾದಿ ಕಿಟಕಿ ಮುಚ್ಚಿದರು. ಹಲಗೆಗಳನ್ನು ಜಗಲಿಗೆ ಒರಗಿಸಿಟ್ಟಿದ್ದೇವೆ.

ನಿನಗೆ ಏಳನೇ ತಿಂಗಳು ಸೆಪ್ಟೆಂಬರ್. ಅಲ್ಲವಾ? ಸುಮ್ಮನೆ ಕೇಳಿದೆ.

ಮುಕ್ತಾರ್


ಪಾವಗಡ
ಸೆಪ್ಟೆಂಬರ್ 4, 1961

ಮುಕ್ತಾರ್,

ನೀನು ಬರೆದ ಕಾಗದಗಳನ್ನೆಲ್ಲಾ ಹಾಸಿಗೆ ಮೇಲೆ ಹರಡಿಕೊಂಡು ಮತ್ತೆ ಓದಿದೆ.

ಹೊಸ್ತಿಲ ಕಲ್ಲಿನಷ್ಟೇ ಎತ್ತರ. ಕಾಲೆತ್ತದೆ ನಡೆದು ಹೋಗಬಹುದು. ಗಣ್ಯ ವ್ಯಕ್ತಿ ರಸ್ತೆಯಲ್ಲಿ ಇಳಿಯಲಿಲ್ಲ. ನಾನೇನು ದಡ್ಡಿಯೇ? ಹೌದು, ಮೂರು ತಿಂಗಳು ಬೇಕಾಯಿತಲ್ಲ.

ದಾದಿಗೆ ಕಾಲು ಏರುವುದಿಲ್ಲ. ಅಷ್ಟೇ ತಾನೆ? ಬಸ್ಸಿನ ಮೆಟ್ಟಿಲು ಹತ್ತಕ್ಕಾಗಲ್ಲ. ಅವತ್ತು ತಲೆನೋವಲ್ಲ. ಮದುವೆಗೆ ಮುಂಚೆ ಮಧುಗಿರಿಗೆ ಹೋಗಿ ಬಂದ ಮೇಲೆ ಅವರು ಎಲ್ಲೂ ಹೋಗಿಲ್ಲ, ಹಬ್ಬಕ್ಕೂ ಹೋಗಿಲ್ಲ. ನಾನು ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ನನ್ನ ಮದುವೆ ಸೀರೆಗೆ ಜರಿ ಎಷ್ಟು ಅಂತ ಮಾತ್ರ ಕೇಳುತ್ತಿದ್ದೆ.

ಕಾರೂ ಬೇಡ, ಹಲಗೆಯೂ ಬೇಡ. ನಾನೇ ಬರ್ತೀನಿ. ಇವರು ಕರೆದುಕೊಂಡು ಬರುತ್ತಾರೆ. ದಾದಿಗೆ ನಾನು ಕಂಡುಹಿಡಿದೆ ಅಂತ ಹೇಳಬೇಡ. ಸುಮ್ಮನೆ ಬರ್ತಾಳಂತೆ ಅನ್ನು.

ಆಪಾ


ಶಿರಾ
ಸೆಪ್ಟೆಂಬರ್ 11, 1961

ಆಪಾ,

ನಿನ್ನ ಕಾಗದ ಶನಿವಾರ ಬಂತು. ಓದಿ ಮಡಚಿ ಜೇಬಿಗಿಟ್ಟೆ. ದಾದಿಗೆ ಏನೂ ಹೇಳಲಿಲ್ಲ. ಸಿಟ್ಟಾಗಬೇಡ, ಮೊದಲು ಶುಕ್ರವಾರದ ಕತೆ ಕೇಳು.

ಜುಮ್ಮಾ ನಮಾಜ್ ಮುಗಿಸಿ ಅಬ್ಬಾಗಿಂತ ಮುಂಚೆ ಮನೆಗೆ ಬಂದೆ. ಜಗಲಿಗೆ ಒರಗಿಸಿದ್ದ ಹಲಗೆಯ ನಟ್ಟನಡುವೆ ದಾದಿ ನಿಂತಿದ್ದಾರೆ! ಒಂದು ಕೈ ಗೋಡೆ ಮೇಲೆ, ಇನ್ನೊಂದರಲ್ಲಿ ಸೀರೆ ಸೆರಗು. ಒಂದು ಪಟ್ಟಿಗೆ ಹಿಮ್ಮಡಿ ಊರಿ, ಮುಂದಿನ ಪಟ್ಟಿಗೆ ಪಾದ ಸರಿಸುತ್ತಿದ್ದಾರೆ. ಮೊಣಕಾಲು ಮಡಚುವ ಮಾತೇ ಇಲ್ಲ.

"ದಾದಿ!" ಅಂದೆ.

"ಕೂಗಬೇಡ, ಬೀಳ್ತೀನಿ."

"ಏನು ಮಾಡ್ತಿದ್ದೀರಿ?"

"ಕಾರು ಯಾಕೆ ಹತ್ತಲಿಲ್ಲ ಹೇಳು."

"ಮೂತಿ ಪಟ್ಟಿಗೆ ಸಿಕ್ಕಿಕೊಳ್ತು."

"ನನ್ನ ಪಾದದ ಮುಂದೆ ಮೂತಿ ಇದೆಯೇನೋ?" ಅಂದರು. ಜಗಲಿ ತಲುಪಿದರು. ತಲುಪಿ, ತಿರುಗಿ, ಇಡೀ ಬೀದಿಯನ್ನು ಒಮ್ಮೆ ನೋಡಿದರು. ಆಮೇಲೆ ಇಳಿದರು, ಮತ್ತೆ ಹತ್ತಿದರು. ಮೂರು ದಿನದಿಂದ ನಾವೆಲ್ಲಾ ಮಸೀದಿಗೆ, ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ಇದೇ ಕೆಲಸವಂತೆ.

ನೀನು ಕಂಡುಹಿಡಿದಿದ್ದೀಯ, ಹಾಗಾಗಿ ನನ್ನ ಪ್ರಮಾಣಕ್ಕೆ ಇನ್ನು ಬೆಲೆಯಿಲ್ಲ. ಆ ಮಧುಗಿರಿ ಪ್ರಯಾಣದಲ್ಲಿ ನಾನೇ ಜೊತೆಗಿದ್ದೆ. ವಾಪಸ್ಸು ಬರುವಾಗ ಅವರ ಕಾಲು ಬಸ್ಸಿನ ಮೆಟ್ಟಿಲಿಗೆ ಏರಲಿಲ್ಲ. ಕಂಡಕ್ಟರ್ ಮೇಲಿಂದ ಕೈ ಹಿಡಿದು ಎಳೆದ, ಕೆಳಗಿಂದ ಯಾರೋ ಗೊತ್ತಿಲ್ಲದ ಗಂಡಸು ಮೂಟೆ ನೂಕಿದ ಹಾಗೆ ನೂಕಿದ. "ಏರ್ಸಪ್ಪ, ಅಜ್ಜೀನ ಮೇಲಕ್ಕೆ ಏರ್ಸು!" ಅಂತ ಒಳಗಿದ್ದವರು ನಕ್ಕರು. ದಾದಿ ಶಿರಾವರೆಗೆ ಬುರ್ಖಾದ ಮುಖಪರದೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ, ಇದನ್ನು ರಹೀಮುನ್ನೀಸಾಗೆ ಹೇಳಿದರೆ ನಾಲಿಗೆ ಕತ್ತರಿಸ್ತೀನಿ ಅಂದರು. ಅಡಿಕೆ ಕತ್ತರಿ ಕೈಯಲ್ಲೇ ಇತ್ತು. ಅಬ್ಬಾ ಸ್ಟೂಲು ಮಾಡಿಸ್ತೀನಿ ಅಂದಾಗ, "ಸ್ಟೂಲು ಹತ್ತೋಕೆ ಇನ್ನೊಂದು ಸ್ಟೂಲು ಮಾಡಿಸ್ತೀಯಾ?" ಅಂತ ಕೇಳಿದ್ದರು. ಕಾರು ಬಂದದ್ದು ಆಮೇಲೆ.

ಈಗ ಹೇಳು, ಮೂರು ದಿನ ಕದ್ದು ಅಭ್ಯಾಸ ಮಾಡಿದವರ ಹತ್ತಿರ ಹೋಗಿ "ಬೇಡ ದಾದಿ, ಅವಳೇ ಬರ್ತಾಳಂತೆ" ಅನ್ನಲಾ? ನನ್ನಿಂದಾಗಲಿಲ್ಲ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನಿಗೆ ಇನ್ನೊಂದು ವಾರ ಏನು ಮಹಾ?

ಒಂದು ಹಲಗೆಯ ಪಟ್ಟಿ ಕಿತ್ತು ಕಾರಿಗೆ ಇಟ್ಟುಕೊಳ್ಳಲಾ ಅಂತ ಬಾಷಾ ಸಾಬರು ಬಂದಿದ್ದರು. "ಮುಟ್ಟಿ ನೋಡು" ಅಂದರು ದಾದಿ. ಒಂದು ಮನೆಗೆ, ಒಂದು ಬಸ್ಸಿಗೆ ಅಂತ ಹಂಚಿಕೆಯಾಗಿದೆ. ಕಾರಿಗೆ ಯಾವುದೂ ಇಲ್ಲ.

ಗುರುವಾರ ಅಬ್ಬಾ ಜೊತೆ ಹೊರಡುತ್ತಾರೆ. ಹಲಗೆ ಬಸ್ಸಿನ ಟಾಪಿನ ಮೇಲೆ. ನಾನು ಅಂಗಡಿ ನೋಡಿಕೊಳ್ಳಬೇಕು, ಆದ್ದರಿಂದ ಏನಾಯಿತು ಅಂತ ಅಕ್ಷರ ಬಿಡದೆ ಬರಿ. ಪಾದ ಸರಿಯಾಗಿ ಇಟ್ಟರಾ? ಹಲಗೆ ಅಲುಗಿತಾ? ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾ? ತಲೆ ಕೆಟ್ಟುಹೋಗಿದೆ. ದಾದಿ ಬಂದಾಗ ನಿನಗೆ ಏನೂ ಗೊತ್ತಿಲ್ಲದ ಹಾಗೆ ಮುಖ ಮಾಡು. ಅದು ನಿನಗೆ ಬರುತ್ತದೆ.

ಕಾಯುತ್ತಿರುವ,
ಮುಕ್ತಾರ್


ಪಾವಗಡ
ಸೆಪ್ಟೆಂಬರ್ 16, 1961

ಶಿರಾ ಸಂಸ್ಥಾನದ ಪ್ರಧಾನ ವಿಜ್ಞಾನಿ, ಕೋಳಿಮೊಟ್ಟೆ ಇಲಾಖೆಯ ಮುಖ್ಯಾಧಿಕಾರಿ ಮುಕ್ತಾರ್ ಸಾಹೇಬರಿಗೆ,

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನಷ್ಟು ಚೆನ್ನಾಗಿ ನನಗೆ ಈ ಧಾಟಿ ಬರುವುದಿಲ್ಲ. ಸುಮ್ಮನೆ ಬರೆಯುತ್ತೇನೆ.

ನಾನೂ ಅತ್ತೆಯೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು. ಬಸ್ಸು ನಿಂತ ಕೂಡಲೇ ಅಬ್ಬಾ ಮೊದಲು ಇಳಿದು ಟಾಪಿನಿಂದ ಹಲಗೆ ಇಳಿಸಿಕೊಂಡರು. ಬಾಗಿಲಿಗೆ ಕೊಟ್ಟು, ಕಾಲಿನಿಂದ ಒತ್ತಿ ಅಲುಗುತ್ತಾ ಅಂತ ನೋಡಿದರು. ಹಲಗೆ ನೋಡಿ ಜನ ಸೇರಿಬಿಟ್ಟರು. "ಏಮಿರಾ, ಎದ್ದುನಿ ದಿಂಪುತಾರಾ?" ಅಂತ ಒಬ್ಬ ತೆಲುಗಿನಲ್ಲಿ ಕೇಳಿದ. ಬಸ್ಸಿನಿಂದ ಎತ್ತು ಇಳಿಸ್ತಾರೆ ಅಂತಲೇ ಎಲ್ಲರೂ ಕಾದು ನಿಂತರು. ಕಂಡಕ್ಟರ್ ಕೈ ಚಾಚಿದ. ದಾದಿ ಅವನ ಕೈ ಕಡೆ ನೋಡಲೂ ಇಲ್ಲ. ಬುರ್ಖಾದ ಮುಖಪರದೆ ಹಿಂದಕ್ಕೆ ಎತ್ತಿ ಹಾಕಿಕೊಂಡು ಬಾಗಿಲಲ್ಲಿ ನಿಂತರು.

ನೀನು ಕೇಳಿದ್ದಕ್ಕೆ ಉತ್ತರ. ಹಲಗೆ ಅಲುಗಲಿಲ್ಲ. ಇಳಿಯುವುದೇ ಕಷ್ಟ, ಆದರೆ ಅವರು ಪಾದ ಅಡ್ಡಡ್ಡ ಇಟ್ಟು ಇಳಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲವಂತೆ, ಅಲ್ಲೇ ಹೊಳೆಯಿತಂತೆ. ಒಂದೊಂದು ಪಟ್ಟಿಗೂ ನಿಲ್ಲುತ್ತಿದ್ದರು. ಬಸ್ಸಿನವರು, ಹೊರಗಿನವರು ಯಾರೂ ನಗಲಿಲ್ಲ. ಕಡಲೇಕಾಯಿ ಮಾರುವವಳು ಕೂಡ ಕೂಗುವುದು ನಿಲ್ಲಿಸಿದ್ದಳು.

ನಾನು ಹಲಗೆಯ ತುದಿಯಲ್ಲಿ ನಿಂತಿದ್ದೆ. ಏನೂ ಗೊತ್ತಿಲ್ಲದ ಮುಖ ಮಾಡು ಅಂದಿದ್ದೆಯಲ್ಲ, ಮಾಡಕ್ಕಾಗಲಿಲ್ಲ ಕಣೋ. ಕೊನೇ ಪಟ್ಟಿಯ ಮೇಲೆ ನಿಂತಾಗ ಅವರ ಮುಖ ನನ್ನ ಮುಖಕ್ಕೆ ಸರಿಯಾಗಿತ್ತು. ಏದುಸಿರು ಬಿಡುತ್ತಿದ್ದರು. ಅತ್ತೆ, "ಆಯಿಯೇ, ಆಯಿಯೇ" ಅಂತ ಸ್ವಾಗತಿಸುತ್ತಿದ್ದರೂ ಅವರು ಆ ಕಡೆ ತಿರುಗಲಿಲ್ಲ. ಮೊದಲು ನನ್ನ ಹೊಟ್ಟೆ ನೋಡಿದರು, ಆಮೇಲೆ ನನ್ನನ್ನು.

"ಬಾ, ಮನೆಗೆ ಹೋಗೋಣ" ಅಂದರು. ನಾನು ಕೈ ಹಿಡಿದುಕೊಂಡೆ. ನೆಲಕ್ಕೆ ಕಾಲಿಟ್ಟ ಮೇಲೆ, ಯಾರಿಗೂ ಕೇಳದ ಹಾಗೆ, "ನಿನ್ನನ್ನು ಕಳಿಸೋ ದಿನ ಈ ಹಲಗೆ ಇರಲಿಲ್ಲ ಬೇಟಾ" ಅಂದರು.

ನಾಳಿದ್ದು ಹೊರಡುತ್ತೇವೆ. ಹೊಟ್ಟೆ ಹೊತ್ತುಕೊಂಡು ನನಗೂ ಬಸ್ಸಿನ ಮೆಟ್ಟಿಲು ಕಷ್ಟವಾಗಿದೆ. ಇಬ್ಬರೂ ಹಲಗೆ ಮೇಲೇ ಹತ್ತುತ್ತೇವೆ. ಬಡವನಹಳ್ಳಿಯಲ್ಲಿ ಬಸ್ಸು ನಿಂತಾಗ ರಂಗಯ್ಯನಿಗೆ ತೋರಿಸಬೇಕು ಅಂತ ದಾದಿ ಈಗಲೇ ಅಬ್ಬಾಗೆ ಹೇಳಿಟ್ಟಿದ್ದಾರೆ.

ಆಪಾ